ಹತ್ತನೇ ಕಾಲಂ

ಫೆಬ್ರುವರಿಯಲ್ಲೇ ಸೊಲ್ಲಾಪುರದ ಪತ್ರಾಸುಗಳು
ರೊಟ್ಟಿ ಹಂಚಿನ ಹಾಗೆ ಕಾದಿದ್ದವು.
ಕನ್ನಡ ಶಾಲೆಯ ಹನ್ನೊಂದು ಮಕ್ಕಳನ್ನು ಮನೆಗೆ ಕಳಿಸಿ
ನಾನು ಜನಗಣತಿಗೆ ಹೊರಟೆ:
ನೂರಾ ನಲವತ್ತು ಮನೆ, ಒಂದು ಕಪ್ಪು ಪೆನ್ನು,
ಮಡಚಬಾರದ ಫಾರ್ಮು.

ಮೊದಲ ಓಣಿ ಸಲೀಸು.
ನರ್ಸಮ್ಮ ವಡ್ನಾಲ ಬೀಡಿಯ ಮೊರ ತೊಡೆಯಿಂದ ಇಳಿಸದೆ
ತೆಲುಗು ಅಂದಳು.
ಎಲೆ ಕತ್ತರಿಸುತ್ತ ಮಗಳಿಗೆ ಮರಾಠಿಯಲ್ಲಿ ಚಹಾ ಹೇಳಿದಳು,
ಸಕ್ಕರೆ ಸಾಲದ್ದಕ್ಕೆ ಕನ್ನಡದಲ್ಲಿ ಬೈದಳು.
ನಾನು ತೆಲುಗು ಬರೆದೆ.
ಎದುರಿನ ಮೋಮಿನರ ಮನೆಯಲ್ಲಿ ಉರ್ದು.
ಅದರಾಚೆ ಕೈಕಾಡಿ ಇಠಾಬಾಯಿ,
ತಮ್ಮ ಮಾತಿಗೆ ಲಿಪಿಯಿಲ್ಲ, ಮರಾಠಿ ಹಾಕಿಬಿಡು ಅಂದಳು.
ಲಿಪಿ ಬೇಡ, ಬರೀ ಹೆಸರು ಹೇಳಿದರೆ ಸಾಕು, ಅಂದೆ.
ನಕ್ಕಳು.
"ನಮ್ಮಪ್ಪಗೂ ಹಂಗ ಅಂದಿದ್ರು ಬಾಯಾರ.
ಹೆಸರು ಹೇಳಿದ ಮ್ಯಾಲ
ತಂತಿಬೇಲಿ ಒಳಗ ಒಂಬತ್ತು ವರ್ಷ ಇದ್ದ."
ಮರಾಠಿ ಬರೆದೆ.

ಹಾಳುಬಿದ್ದ ಮಿಲ್ಲಿನ ಗೋಡೆಗೆ ಬೆನ್ನು ಹಚ್ಚಿದ ಖೋಲಿಯಲ್ಲಿ
ಒಬ್ಬನೇ ಮುದುಕ.
ಹೆಸರು? ಬಾಬಿನ್.
ತಂದೆಯ ಹೆಸರು? "ಅಲ್ಲೂ ಬಾಬಿನ್ ಅಂತನ ಬರೀರಿ,
ಎಲ್ಲಾ ನಾನ."
ನೂಲು ಸುತ್ತುವ ಖಾತೆಯಲ್ಲಿ
ಖಾಲಿ ಬಾಬಿನ್ನುಗಳ ಬುಟ್ಟಿಯೊಳಗೆ ಸಿಕ್ಕ ಕೂಸಂತೆ.

ಹತ್ತನೇ ಕಾಲಂ: ಮಾತೃಭಾಷೆ.
ಕೈಪಿಡಿ ತೆರೆದೆ. ಬಾಲ್ಯದಲ್ಲಿ ತಾಯಿ ಆಡಿದ ಭಾಷೆ;
ತಾಯಿ ಇಲ್ಲದಿದ್ದರೆ ಮನೆಯಲ್ಲಿ ಆಡುತ್ತಿದ್ದದ್ದು.
"ಮನಿ ಅಂದ್ರ ಚಾಳಿನ ನಾಕು ಖೋಲಿ.
ಹಗಲ ತೆಲುಗಿನ ರಾಜವ್ವ.
ಸಂಜಿ ಮುಂದ ಮಂಗಳವೇಢೆ ಗೌರವ್ವ, ಕಾಡಿಗಿ ಹಚ್ಚಾಕಿ.
ರಾತ್ರಿ ಜುಲೇಖಾ ಬೀ, ಗುಟ್ಟಿ ತೇಯ್ದು ನೆಕ್ಕಸಾಕಿ.
ಹಾಲು ಯಾರದು ಅಂತೀರಿ?
ಕೈಕಾಡ್ಯಾರ ಕತ್ತೀದು!
ಹಾಲಿನ ಲೆಕ್ಕಕ್ಕ ಬರಿಯೋದಾದ್ರ
ಅದರ ಭಾಷಾ ಬರಕೋರಿ."

ಮೇಲ್ವಿಚಾರಕರಿಗೆ ಫೋನು ಹಚ್ಚಿದೆ.
ಮರಾಠಿ ಹಾಕಿ ಮುಗಿಸಿರಿ ಅಂದರು.
"ನಾಳೆ ಬರ್ರಿ," ಅಂದ ಬಾಬಿನ್, "ಕೇಳಿ ಹೇಳತೀನಿ."

ಕೇಳಲು ಉಳಿದವಳು ಜುಲೇಖಾ ಬೀ ಒಬ್ಬಳೇ. ಕಣ್ಣು ಹೋಗಿವೆ.
ಅವನ ಗದ್ದ ಸವರಿ ಗುರುತು ಹಿಡಿದು ಅಂದಳಂತೆ:
ಪೆಟ್ಟು ಬಿದ್ದಾಗ ಯಾವ ಮಾತಿನಲ್ಲಿ ಚೀರುತ್ತೀ,
ಅದನ್ನು ಬರೆಸು ಬೇಟಾ.

ಬಾಬಿನ್ ಬಲಗೈ ಚಾಚಿದ. ಎರಡು ಬೆರಳಿಲ್ಲ.
"ಎಪ್ಪತ್ತೆಂಟರಾಗ ಮಗ್ಗ ತಿಂತು.
ಚೀರಿದ್ದು ಖರೆ.
ಆರುನೂರು ಮಗ್ಗ ಬಡೀತಿದ್ದವು ಬಾಯಾರ.
ಏನಂತ ಚೀರಿದೆ,
ನನಗ ಕೇಳಲಿಲ್ಲ."

ಆಮೇಲೆ, ಆ ಗದ್ದಲದಲ್ಲಿ ಅವರು ಹೇಗೆ ಮಾತಾಡುತ್ತಿದ್ದರೆಂದು
ಕೈಯಲ್ಲೇ ತೋರಿಸಿದ.
ಹುಬ್ಬಿಗೆ ಬೆರಳು: ಜಾಬರ್ ಬಂದ.
ಎದೆಗೆ ಮುಷ್ಟಿ: ಪಗಾರ ಇವತ್ತೂ ಇಲ್ಲ.
ಉಳಿದ ಬೆರಳುಗಳನ್ನು ಗಾಳಿಯಲ್ಲಿ ಹೊಸೆದ:
ಎಳಿ ಹರದದ, ಬಂದು ಗಂಟ ಹಾಕು.
ತೆಲುಗಿನವರಿಗೂ ಅದೇ, ಮೋಮಿನರಿಗೂ ಅದೇ.
ಮಿಲ್ಲು ಮುಚ್ಚಿದ ಮೇಲೆ
ಅದನ್ನು ಆಡಲು ಅವನಿಗೆ ಯಾರೂ ಸಿಕ್ಕಿಲ್ಲ.

ಅದಕ್ಕೆ ಕೋಡ್ ಇಲ್ಲ.
ನಾನೇನು ಬರೆದೆ ಎಂಬುದು ಗೌಪ್ಯ, ಕಾಯ್ದೆ ಹಾಗಿದೆ.
ಉಳಿದವರದನ್ನೆಲ್ಲ ನಿಮಗೆ ಹೇಳಿಬಿಟ್ಟೆ,
ಇದೊಂದಾದರೂ ಕಾಯ್ದೆಯಂತೆ ಇರಲಿ.

ಮನೆಗೆ ಬಂದರೆ ನಮ್ಮ ಬಾಗಿಲ ಮೇಲೂ
ಸೀಮೆಸುಣ್ಣದ ಅಂಕಿ.
ಯಾರೋ ಮಾಸ್ತರರು ಬಂದು ಎಣಿಸಿ ಹೋಗಿದ್ದರು.
ಹತ್ತನೇದಕ್ಕೆ ಏನು ಹೇಳಿದಿರಿ ಅತ್ತೀ, ಅಂದೆ.
ರೊಟ್ಟಿ ಬಡಿಯುವ ಸಪ್ಪಳದಲ್ಲಿ
ಅವರಿಗೆ ಕೇಳಲಿಲ್ಲ.
ನಾನೂ ಮತ್ತೆ ಕೇಳಲಿಲ್ಲ.